ಯಕೃತ್ತಿನ ಕೋಶವನ್ನೂ ಗಡಿನಾಡಿನ ಗುಡಿಸಲನ್ನೂ ಕಂಡ ವೈದ್ಯ: ರುಡಾಲ್ಫ್ ವಿರ್ಕೋ

ಹೊಟ್ಟೆಯ ಸ್ಕ್ಯಾನಿಂಗ್ ವರದಿಗಳಲ್ಲಿ ಈಚೆಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವ ಪದ ಫ್ಯಾಟಿ ಲಿವರ್, ಅಂದರೆ ಕೊಬ್ಬು ಸೇರಿದ ಯಕೃತ್ತು. ವರದಿಯನ್ನು ಹಿಡಿದು ಮನೆಗೆ ಮರಳಿದವರು ಮೊಬೈಲ್ ತೆರೆದರೆ ಕಾಂಡಕೋಶ ಚಿಕಿತ್ಸೆಯ, ಅಂದರೆ ಸ್ಟೆಮ್ ಸೆಲ್ ಥೆರಪಿಯ ಜಾಹೀರಾತು ಎದುರಾಗುತ್ತದೆ. ಕೆಲವು ಚುಚ್ಚುಮದ್ದುಗಳಿಂದ ಯಕೃತ್ತು ಹೊಸದಾಗುವುದೆಂಬ ಭರವಸೆ ಅದರಲ್ಲಿರುತ್ತದೆ. ಅದನ್ನು ನಂಬಬೇಕೆ, ಬಿಡಬೇಕೆ ಎಂದು ಯೋಚಿಸುವ ಮೊದಲು ಒಬ್ಬ ವೈದ್ಯನ ಬದುಕನ್ನು ತಿಳಿಯುವುದು ಉಪಯುಕ್ತವೆಂದು ನಮಗೆ ತೋರುತ್ತದೆ.

ಆ ವೈದ್ಯನ ಹೆಸರು ರುಡಾಲ್ಫ್ ವಿರ್ಕೋ. ಪ್ರೌಢಶಾಲೆಯ ಕೋಶಸಿದ್ಧಾಂತದ ಪಾಠದಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗುವ ಹೆಸರಿದು. ಪ್ರತಿಯೊಂದು ಜೀವಕೋಶವೂ ಮೊದಲೇ ಇರುವ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ತಿಳಿವನ್ನು ವೈದ್ಯಶಾಸ್ತ್ರದ ಅಡಿಪಾಯವಾಗಿಸಿದವರು ಇವರು. ಆದರೆ ಪಾಠದ ಆ ಸಾಲಿನಾಚೆ ಅವರ ಜೀವನದಲ್ಲಿ ಗಡಿನಾಡಿನ ನಮ್ಮಂಥವರು ಗಮನವಿಟ್ಟು ಓದಬೇಕಾದ ಅಧ್ಯಾಯವೊಂದಿದೆ. ಆಳುವವರ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು ಆಗಿದ್ದ ಒಂದು ಸೀಮೆಗೆ ಅವರು ರೋಗದ ಕಾರಣವನ್ನು ಹುಡುಕಿ ಹೋಗಿದ್ದರು.

ಬಡತನದಿಂದ ಬರ್ಲಿನ್ನಿಗೆ

ವಿರ್ಕೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪ್ರಷ್ಯಾ ರಾಜ್ಯದ ಪೋಮರೇನಿಯಾ ಪ್ರಾಂತದ ಶಿವೆಲ್‌ಬೈನ್ ಎಂಬ ಸಣ್ಣ ಪಟ್ಟಣದಲ್ಲಿ. ಇಂದು ಆ ಊರು ಪೋಲೆಂಡಿಗೆ ಸೇರಿದ್ದು, ಶ್ವಿಡ್ವಿನ್ ಎಂಬ ಹೆಸರು ಹೊತ್ತಿದೆ. ತಂದೆ ಬೇಸಾಯಗಾರ, ಜೊತೆಗೆ ಪಟ್ಟಣದ ಖಜಾನೆಯ ಲೆಕ್ಕ ನೋಡಿಕೊಳ್ಳುತ್ತಿದ್ದವರು. ಅವರಿಗೆ ಇದ್ದದ್ದು ಒಬ್ಬನೇ ಮಗ. ಓದಿನಲ್ಲಿ ಚುರುಕಾಗಿದ್ದ ಹುಡುಗನನ್ನು ವೈದ್ಯವಿದ್ಯೆಗೆ ಕಳುಹಿಸುವಷ್ಟು ಹಣ ಮನೆಯಲ್ಲಿರಲಿಲ್ಲ.

ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಸಂಸ್ಥೆಯೊಂದು ಬರ್ಲಿನ್ನಿನಲ್ಲಿತ್ತು. ಬಡ ಮನೆತನಗಳ ಪ್ರತಿಭಾವಂತ ಹುಡುಗರಿಗೆ ಅಲ್ಲಿ ಉಚಿತ ಶಿಕ್ಷಣ. ಪ್ರತಿಯಾಗಿ ಅವರು ಸೈನ್ಯದಲ್ಲಿ ಸೇವೆ ಸಲ್ಲಿಸಬೇಕು. 1839ರಲ್ಲಿ ವಿರ್ಕೋ ಈ ದಾರಿಯಿಂದ ರಾಜಧಾನಿಗೆ ಬಂದರು. ಶರೀರಕ್ರಿಯಾ ವಿಜ್ಞಾನದ ಮಹಾ ಗುರು ಯೊಹಾನ್ನೆಸ್ ಮ್ಯುಲರ್ ಅವರ ಬಳಿ ಕಲಿತು 1843ರಲ್ಲಿ ವೈದ್ಯ ಪದವಿ ಪಡೆದರು. ಬಳಿಕ ಶಾರಿಟೆ ಆಸ್ಪತ್ರೆಯ ಶವಪರೀಕ್ಷಾ ವಿಭಾಗದಲ್ಲಿ ಅವರ ಕೆಲಸ ಆರಂಭವಾಯಿತು.

ಅಂದಿನ ವೈದ್ಯರು ರೋಗವನ್ನು ರಕ್ತ, ಪಿತ್ತ ಮೊದಲಾದ ದ್ರವಗಳ ಏರುಪೇರೆಂದು ಬಗೆಯುತ್ತಿದ್ದರು. ವಿರ್ಕೋ ನಂಬಿದ್ದು ಸೂಕ್ಷ್ಮದರ್ಶಕದಡಿ ಕಣ್ಣಿಗೆ ಕಂಡದ್ದನ್ನು. 1845ರಲ್ಲಿ ಸತ್ತ ರೋಗಿಯೊಬ್ಬರ ರಕ್ತದಲ್ಲಿ ಬಿಳಿಯ ಕಣಗಳು ವಿಪರೀತ ಹೆಚ್ಚಿದ್ದುದನ್ನು ಅವರು ಗುರುತಿಸಿದರು. ಅದೇ ವರ್ಷ ಎಡಿನ್‌ಬರೋದ ಜಾನ್ ಹ್ಯೂಸ್ ಬೆನೆಟ್ ಕೂಡ ಇಂಥದೇ ಪ್ರಕರಣವನ್ನು ಪ್ರಕಟಿಸಿದ್ದರು. ಬೆನೆಟ್ ಅದನ್ನು ಕೀವಿನ ಲಕ್ಷಣವೆಂದು ಭಾವಿಸಿದರೆ, ವಿರ್ಕೋ ಅದನ್ನು ರಕ್ತದ್ದೇ ಬೇರೊಂದು ಕಾಯಿಲೆಯೆಂದು ಅರಿತು ಲ್ಯುಕೇಮಿಯಾ ಎಂಬ ಹೆಸರಿಟ್ಟರು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ತುಣುಕು ಕಳಚಿಕೊಂಡು ಶ್ವಾಸಕೋಶದ ನಾಳವನ್ನು ಮುಚ್ಚುವ ಬಗೆಯನ್ನು ತೋರಿಸಿಕೊಟ್ಟವರೂ ಅವರೇ. ಇಂಥ ಹೊಸ ವಿಚಾರಗಳಿಗೆ ಹಳೆಯ ಪತ್ರಿಕೆಗಳಲ್ಲಿ ಸುಲಭವಾಗಿ ಎಡೆ ಸಿಗುತ್ತಿರಲಿಲ್ಲ. ಆದುದರಿಂದ 1847ರಲ್ಲಿ ಗೆಳೆಯ ಬೆನ್ನೊ ರೈನ್‌ಹಾರ್ಟ್ ಜೊತೆಗೂಡಿ ತಮ್ಮದೇ ವೈದ್ಯಪತ್ರಿಕೆಯನ್ನು ತೆರೆದರು. ವಿರ್ಕೋ ಅವರ ಹೆಸರಿನಲ್ಲಿ ಆ ಪತ್ರಿಕೆ ಇಂದಿಗೂ ಹೊರಬರುತ್ತಿದೆ.

ಮೇಲಣ ಸೈಲೇಷಿಯಾದಲ್ಲಿ ಮೂರು ವಾರ

ಪ್ರಷ್ಯಾದ ಆಗ್ನೇಯ ಅಂಚಿನಲ್ಲಿ ಮೇಲಣ ಸೈಲೇಷಿಯಾ ಎಂಬ ಪ್ರದೇಶವಿತ್ತು. ಹದಿನೆಂಟನೆಯ ಶತಮಾನದಲ್ಲಿ ಆಸ್ಟ್ರಿಯಾದಿಂದ ಪ್ರಷ್ಯಾ ಗೆದ್ದುಕೊಂಡ ನಾಡದು. ಹಳ್ಳಿಯವರ ಮಾತು ಪೋಲಿಷ್. ಕಚೇರಿಯ ಮಾತು ಜರ್ಮನ್. 1847ರ ಹೊತ್ತಿಗೆ ಆಲೂಗೆಡ್ಡೆಯ ಬೆಳೆ ವರುಷ ವರುಷ ಕೆಟ್ಟು ಹಸಿವು ನೆಲೆಸಿತ್ತು. ಅದರ ಹಿಂದೆಯೇ ಟೈಫಸ್ ಜ್ವರ ಬಂತು. ರಿಬ್ನಿಕ್ ಮತ್ತು ಪ್ಲೆಸ್ ಜಿಲ್ಲೆಗಳಲ್ಲಿ ಸಾವು ಮನೆಮನೆಯನ್ನೂ ಹೊಕ್ಕಿತು. ಪತ್ರಿಕೆಗಳು ಬರೆಯತೊಡಗಿದ ಮೇಲೆ ಸರಕಾರ ಎಚ್ಚೆತ್ತು, 1848ರ ಫೆಬ್ರುವರಿಯಲ್ಲಿ ಹಿರಿಯ ಅಧಿಕಾರಿಯೊಬ್ಬರ ಜೊತೆ ವಿರ್ಕೋ ಅವರನ್ನು ಅಲ್ಲಿಗೆ ಕಳುಹಿಸಿತು. ಆಗ ಅವರಿಗೆ 26 ವರ್ಷ.

ಮೂರು ವಾರ ಮಾತ್ರ ಅವರು ಅಲ್ಲಿದ್ದರು. ಜನ ಮತ್ತು ದನ ಒಂದೇ ಸೂರಿನಡಿ ಮಲಗುವ ಗುಡಿಸಲುಗಳನ್ನು ಹೊಕ್ಕು ನೋಡಿದರು, ರೋಗಿಗಳನ್ನು ಪರೀಕ್ಷಿಸಿದರು. ಮಾರ್ಚ್ 10ರಂದು ಹಿಂದಿರುಗಿ ಬರೆದ ವರದಿ ಅದೇ ವರ್ಷ ಅವರ ಪತ್ರಿಕೆಯಲ್ಲಿ ಅಚ್ಚಾಯಿತು. ಟೈಫಸ್ ಹೇನಿನಿಂದ ಹರಡುತ್ತದೆ ಎಂದು ಷಾರ್ಲ್ ನಿಕೋಲ್ ತೋರಿಸಿದ್ದು 1909ರಲ್ಲಿ. ವಿರ್ಕೋ ಅವರಿಗೆ ಅದು ತಿಳಿದಿರಲಿಲ್ಲ. ಆದರೂ ರೋಗ ಯಾರನ್ನು ಹುಡುಕಿ ಬರುತ್ತದೆ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತ್ತು. ಅವರ ದೃಷ್ಟಿಯಲ್ಲಿ ಹಸಿವು, ಕಿಕ್ಕಿರಿದ ಮನೆ, ಭೂಮಾಲೀಕರ ಹಿಡಿತ, ಅವಿದ್ಯೆ ಇವೆಲ್ಲ ಜ್ವರದಿಂದ ಬೇರೆಯಾದ ಸಂಗತಿಗಳಲ್ಲ, ಜ್ವರದ ಕಾರಣಗಳೇ.

ಸರಕಾರ ನಿರೀಕ್ಷಿಸಿದ್ದು ಔಷಧಗಳ ಪಟ್ಟಿಯನ್ನು. ವರದಿ ಕೇಳಿದ್ದು ಪೂರ್ಣ ಪ್ರಜಾಪ್ರಭುತ್ವವನ್ನು, ಸ್ಥಳೀಯ ಸ್ವಯಮಾಡಳಿತವನ್ನು, ಬಡವರ ತೆರಿಗೆಯ ಇಳಿಕೆಯನ್ನು, ರಸ್ತೆಗಳನ್ನು, ಬೇಸಾಯದ ಸುಧಾರಣೆಯನ್ನು, ಶಿಕ್ಷಣವನ್ನು. ಇವುಗಳ ಜೊತೆಗೆ ಪೋಲಿಷ್ ಭಾಷೆಗೆ ಆ ಪ್ರದೇಶದಲ್ಲಿ ಅಧಿಕೃತ ಸ್ಥಾನ ಸಿಗಬೇಕೆಂಬುದೂ ಅದರಲ್ಲಿತ್ತು. ರೋಗದ ವರದಿಯೊಳಗೆ ಭಾಷೆಯ ಮಾತೇಕೆ ಬಂತು ಎಂಬುದನ್ನು ನಮ್ಮ ಓದುಗರಿಗೆ ಹೆಚ್ಚು ವಿವರಿಸಬೇಕಿಲ್ಲ. ಪೋಲಿಷ್ ಮಕ್ಕಳಿರುವ ಶಾಲೆಗಳಿಗೆ ಜರ್ಮನ್ ಶಿಕ್ಷಕರನ್ನು ಕಳುಹಿಸಿ ಆ ಸೀಮೆಯನ್ನು ಜರ್ಮನ್ ಆಗಿಸುವ ಯತ್ನ ಬಹುಕಾಲದಿಂದ ನಡೆದಿತ್ತು. ಅದರ ಫಲವನ್ನು ವಿರ್ಕೋ ವ್ಯಂಗ್ಯದಿಂದಲೇ ದಾಖಲಿಸಿದರು: ಸಾಮಾನ್ಯವಾಗಿ ಮೇಷ್ಟ್ರು ಪೋಲಿಷ್ ಕಲಿತರೇ ಹೊರತು ಮಕ್ಕಳು ಜರ್ಮನ್ ಕಲಿಯಲಿಲ್ಲ. ತನ್ನ ಭಾಷೆಯಲ್ಲಿ ಓದಲು ಏನೂ ಸಿಗದ ಜನ, ತನಗೆ ತಿಳಿಯದ ಭಾಷೆಯಲ್ಲಿ ಬಂದ ತಿಳಿವಳಿಕೆಯಿಂದ ಆರೋಗ್ಯವನ್ನು ಕಾಪಾಡಿಕೊಳ್ಳಲಾರದು ಎಂಬುದು ಅವರ ವಾದದ ತಿರುಳು.

ಈ ವರದಿಗೆ ಇನ್ನೊಂದು ಮುಖವೂ ಇದೆ. ಆ ಜನರ ಕೊಳಕಿನ ಬಗ್ಗೆ, ಸೋಮಾರಿತನದ ಬಗ್ಗೆ, ಬಾಗಿ ನಡೆಯುವ ಸ್ವಭಾವದ ಬಗ್ಗೆ ವಿರ್ಕೋ ಬರೆದಿರುವುದು ಕಟುವಾಗಿದೆ. ದೂರದಿಂದ ಬಂದ ಸುಶಿಕ್ಷಿತನ ತಿರಸ್ಕಾರ ಅಲ್ಲಲ್ಲಿ ಎದ್ದು ಕಾಣುತ್ತದೆ. ಆದರೆ ಅದು ಅವರ ಹುಟ್ಟುಗುಣವೆಂದು ಹೇಳಿ ಅವರು ಕೈತೊಳೆದುಕೊಳ್ಳಲಿಲ್ಲ. ತಲೆತಲಾಂತರದ ದಬ್ಬಾಳಿಕೆ ಮನುಷ್ಯರನ್ನು ಹಾಗೆ ಮಾಡಿದೆ ಎಂದು ವಾದಿಸಿದರು.

ಬರ್ಲಿನ್ನಿಗೆ ಮರಳಿದ ಎಂಟೇ ದಿನಗಳಲ್ಲಿ ಕ್ರಾಂತಿ ಸಿಡಿಯಿತು. ಬೀದಿಯ ತಡೆಗೋಡೆಗಳ ಮೇಲೆ ನಿಂತವರಲ್ಲಿ ವಿರ್ಕೋ ಕೂಡ ಒಬ್ಬರು. ಜುಲೈಯಲ್ಲಿ ವೈದ್ಯಕೀಯ ಸುಧಾರಣೆಗೆಂದೇ ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದು ಒಂದು ವರ್ಷ ನಡೆಯಿತು. ಕ್ರಾಂತಿ ಸೋತ ಮೇಲೆ ಸರಕಾರ ಅವರನ್ನು ಹುದ್ದೆಯಿಂದ ಅಮಾನತಿನಲ್ಲಿಟ್ಟಿತು. 1849ರಲ್ಲಿ ಅವರು ಬರ್ಲಿನ್ ಬಿಟ್ಟು ಬವೇರಿಯಾದ ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿದರು.

ಕೋಶದಿಂದಲೇ ಕೋಶ

ವ್ಯುರ್ಟ್ಸ್‌ಬುರ್ಗಿನ ಏಳು ವರ್ಷಗಳು ವಿರ್ಕೋ ಅವರ ವಿಜ್ಞಾನ ಜೀವನದ ಸುಗ್ಗಿಯ ಕಾಲ. 1850ರಲ್ಲಿ ರೋಸ್ ಮೇಯರ್ ಅವರೊಡನೆ ವಿವಾಹವಾಯಿತು. ಶಿಷ್ಯರು ದೇಶದ ಮೂಲೆಮೂಲೆಯಿಂದ ಬಂದರು. ಅವರಲ್ಲಿ ಎರ್ನ್‌ಸ್ಟ್ ಹೆಕೆಲ್ ಒಬ್ಬರು. ಇಂದು ನಾವು ಕಾಂಡಕೋಶವೆನ್ನುವ ಪದದ ಜರ್ಮನ್ ರೂಪವನ್ನು 1868ರಲ್ಲಿ ಬಳಕೆಗೆ ತಂದವರು ಈ ಹೆಕೆಲ್. ಆಗ ಅದರ ಅರ್ಥ ಬೇರೆ ಇತ್ತು: ಸಮಸ್ತ ಜೀವಿಗಳ ಪೂರ್ವಜನಾದ ಮೊದಲ ಏಕಕೋಶ ಜೀವಿ ಎಂದು.

ಜೀವಕೋಶಗಳು ಅಂಗಾಂಶಗಳ ನಡುವಿನ ರೂಪವಿಲ್ಲದ ದ್ರವದಿಂದ ಹರಳುಗಟ್ಟಿ ಮೂಡುತ್ತವೆ ಎಂಬುದು ಆ ಕಾಲದ ಪ್ರಬಲ ನಂಬಿಕೆ. 1855ರಲ್ಲಿ ವಿರ್ಕೋ ಅದನ್ನು ನಿರಾಕರಿಸಿ, ಕೋಶದಿಂದಲ್ಲದೆ ಕೋಶ ಹುಟ್ಟದು ಎಂದು ಸಾರಿದರು. 1856ರಲ್ಲಿ ಬರ್ಲಿನ್ ಅವರನ್ನು ಗೌರವದಿಂದ ಮರಳಿ ಕರೆಯಿತು. ಅವರಿಗಾಗಿ ಹೊಸ ರೋಗಶಾಸ್ತ್ರ ಸಂಸ್ಥೆಯನ್ನೇ ಕಟ್ಟಿತು. ಅಲ್ಲಿ 1858ರಲ್ಲಿ ನೀಡಿದ 20 ಉಪನ್ಯಾಸಗಳು ಕೋಶ ರೋಗಶಾಸ್ತ್ರವೆಂಬ ಗ್ರಂಥವಾದವು. ದೇಹವು ಕೋಶಗಳೆಂಬ ಪ್ರಜೆಗಳಿಂದಾದ ಒಂದು ರಾಜ್ಯವಿದ್ದಂತೆ. ಆ ಪ್ರಜೆಗಳ ಬದುಕು ಕೆಟ್ಟಾಗ ಕಾಣಿಸಿಕೊಳ್ಳುವುದೇ ರೋಗ. ಹೊರಗಿನಿಂದ ಹೊಕ್ಕು ಕುಳಿತ ಭೂತವಲ್ಲ ಅದು. ಸೈಲೇಷಿಯಾದ ಗುಡಿಸಲಲ್ಲಿ ಕಂಡ ಸತ್ಯವನ್ನೇ ಅವರು ಕೋಶದೊಳಗೂ ಕಂಡರೆನ್ನಬಹುದು.

ಆ ಗ್ರಂಥದಲ್ಲಿ ಕೊಬ್ಬಿನ ವಿಚಾರಕ್ಕೆ ವಿಸ್ತಾರವಾದ ಸ್ಥಳವಿದೆ. ಕೊಬ್ಬು ಅಂಗಾಂಗಗಳಲ್ಲಿ ಸೇರುವ ಬಗೆಗಳನ್ನು ವಿರ್ಕೋ ಬೇರ್ಪಡಿಸಿ ತೋರಿಸಿದರು. ಆಹಾರದಿಂದ ಬಂದ ಕೊಬ್ಬು ಯಕೃತ್ತಿನ ಕೋಶದಲ್ಲಿ ಹನಿಹನಿಯಾಗಿ ತಂಗುವುದು ಒಂದು ಬಗೆ. ಇಲ್ಲಿ ಕೋಶ ಜೀವಂತವಾಗಿಯೇ ಇರುತ್ತದೆ. ಬಂದ ಕೊಬ್ಬು ಮರಳಿ ಹೋಗಲೂ ಬಲ್ಲದು. ಕೋಶದ ಸತ್ತ್ವವೇ ಕೆಟ್ಟು, ಕೊಬ್ಬಿನ ಕಣಗಳಾಗಿ ಒಡೆದು ಅದು ನಾಶವಾಗುವುದು ಇನ್ನೊಂದು ಬಗೆ. ಹೊರಗಿನಿಂದ ಎರಡೂ ಹಳದಿಯಾಗಿ, ಜಿಡ್ಡಾಗಿ ಒಂದೇ ರೀತಿ ಕಂಡರೂ ಒಳಗಿನ ಕಥೆ ಬೇರೆಯೆಂಬುದು ಅವರ ಎಚ್ಚರ.

ಇಂದಿನ ವೈದ್ಯರ ವರ್ಗೀಕರಣ ಇದಕ್ಕಿಂತ ಬಹಳ ಮುಂದೆ ಸಾಗಿದೆ. ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಹೆಚ್ಚಿನವು ಕೊಬ್ಬು ತುಂಬಿಕೊಂಡಿದ್ದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಹಲವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ ಸೇರಿ, ನಾರು ಬೆಳೆದು, ಯಕೃತ್ತು ಗಡುಸಾಗಿ ಸಿರೋಸಿಸ್ ಎಂಬ ಹಂತವನ್ನು ಮುಟ್ಟುತ್ತದೆ. ಮರಳಬಹುದಾದ ಕೊಬ್ಬು ಯಾವುದು, ಕೋಶವನ್ನು ಕೊಲ್ಲುವ ಸ್ಥಿತಿ ಯಾವುದು ಎಂಬ ವಿರ್ಕೋ ಅವರ ಪ್ರಶ್ನೆಯನ್ನು ವೈದ್ಯರು ಇಂದಿಗೂ ಬೇರೆ ಮಾತುಗಳಲ್ಲಿ ಕೇಳುತ್ತಲೇ ಇದ್ದಾರೆ.

ನಗರವೆಂಬ ರೋಗಿ

ಬರ್ಲಿನ್ನಿಗೆ ಮರಳಿದ ವಿರ್ಕೋ ಪ್ರಯೋಗಾಲಯದಲ್ಲಷ್ಟೇ ಉಳಿಯಲಿಲ್ಲ. 1859ರಲ್ಲಿ ನಗರಸಭೆಗೆ ಆಯ್ಕೆಯಾಗಿ ಸಾಯುವವರೆಗೂ ಅದರ ಸದಸ್ಯರಾಗಿದ್ದರು. 1861ರಲ್ಲಿ ಪ್ರಗತಿ ಪಕ್ಷದ ಸ್ಥಾಪಕರಲ್ಲಿ ಒಬ್ಬರಾಗಿ, ಮರುವರ್ಷ ಪ್ರಷ್ಯಾದ ಶಾಸನಸಭೆಯನ್ನು ಸೇರಿದರು. 1865ರಲ್ಲಿ ಅವರ ಟೀಕೆಯನ್ನು ಸಹಿಸದ ಬಿಸ್ಮಾರ್ಕ್ ದ್ವಂದ್ವಯುದ್ಧಕ್ಕೆ ಕರೆದಾಗ ವಿರ್ಕೋ ಒಪ್ಪಲಿಲ್ಲ.

ಅವರ ನಗರಸೇವೆಯ ದೊಡ್ಡ ಫಲ ಬರ್ಲಿನ್ನಿನ ಒಳಚರಂಡಿ. ಅದರ ಅಧ್ಯಯನ ಸಮಿತಿಯನ್ನು ಮುನ್ನಡೆಸಿದವರು ವಿರ್ಕೋ. ಎಂಜಿನಿಯರ್ ಜೇಮ್ಸ್ ಹೋಬ್ರೆಕ್ಟ್ ರೂಪಿಸಿದ ಯೋಜನೆಯಂತೆ 1873ರಲ್ಲಿ ಕೆಲಸ ಆರಂಭವಾಯಿತು. ನಗರದ ಕೊಳಚೆಯನ್ನು ನದಿಗೆ ಬಿಡದೆ ಹೊರವಲಯದ ಹೊಲಗಳಿಗೆ ಹರಿಸಲಾಯಿತು. ನಗರದ ಹೊಸ ಆಸ್ಪತ್ರೆಗಳಿಗೂ ಮಾಂಸದ ಕಡ್ಡಾಯ ತಪಾಸಣೆಗೂ ಅವರು ದುಡಿದರು.

1870ರ ದಶಕದಲ್ಲಿ ಅವರು ಕೈಗೊಂಡ ಇನ್ನೊಂದು ಕೆಲಸ ಶಾಲಾಮಕ್ಕಳಿಗೆ ಸಂಬಂಧಿಸಿದ್ದು. ಜರ್ಮನಿಯ ಸುಮಾರು 67 ಲಕ್ಷ ಮಕ್ಕಳ ಕೂದಲು, ಕಣ್ಣು, ಚರ್ಮಗಳ ಬಣ್ಣವನ್ನು ಶಿಕ್ಷಕರ ಮೂಲಕ ದಾಖಲಿಸಲಾಯಿತು. ಶುದ್ಧ ಜರ್ಮನ್ ಜನಾಂಗವೆಂಬುದು ಎಲ್ಲಿಯೂ ಇಲ್ಲ, ಎಲ್ಲರೂ ಬೆರೆತವರೇ ಎಂಬುದು 1886ರಲ್ಲಿ ಪ್ರಕಟವಾದ ಫಲಿತಾಂಶದಿಂದ ತಿಳಿಯಿತು.

ನೆರಳಿನ ಭಾಗ

ಮಹನೀಯರ ಜೀವನವನ್ನು ಹೇಳುವಾಗ ಅವರ ತಪ್ಪುಗಳನ್ನು ಮರೆಸಿದರೆ ಓದುವ ಮಕ್ಕಳಿಗೆ ನಾವು ನ್ಯಾಯ ಮಾಡಿದಂತಾಗದು. ಕೋಶಗಳು ವಿಭಜನೆಯಿಂದಲೇ ಹೆಚ್ಚುತ್ತವೆ ಎಂದು ವಿರ್ಕೋ ಅವರಿಗಿಂತ ಮೊದಲೇ, 1852ರಲ್ಲಿ, ರಾಬರ್ಟ್ ರೆಮಾಕ್ ಬರೆದಿದ್ದರು. ಪೋಜೆನ್‌ನಲ್ಲಿ ಹುಟ್ಟಿದ ಯೆಹೂದಿ ವಿಜ್ಞಾನಿ ಅವರು. ಮತ ಬದಲಿಸದ ಕಾರಣ ತಕ್ಕ ಹುದ್ದೆ ಸಿಗದೆ ಬಹುಕಾಲ ಬಳಲಿದವರು. 1855ರ ಲೇಖನದಲ್ಲಿ ವಿರ್ಕೋ ಅವರ ಹೆಸರನ್ನು ಹೇಳಲಿಲ್ಲ. ಹೆರಿಗೆ ವಾರ್ಡಿನಲ್ಲಿ ವೈದ್ಯರು ಕೈತೊಳೆಯಬೇಕೆಂದ ಸೆಮೆಲ್ವೈಸ್ ಅವರ ಮಾತಿಗೂ ಅವರು ಬೆಲೆ ಕೊಡಲಿಲ್ಲ. ನಿಯಾಂಡರ್ತಲ್ ಮಾನವನ ಮೂಳೆಗಳನ್ನು ರೋಗಗ್ರಸ್ತನ ಮೂಳೆಗಳೆಂದು ತಪ್ಪಾಗಿ ತಿಳಿದರು.

ನಮಗೆ ಹೆಚ್ಚು ನೋವು ತರುವುದು ಬೇರೊಂದು ಸಂಗತಿ. 1870ರ ದಶಕದಲ್ಲಿ ಪ್ರಷ್ಯಾ ಸರಕಾರ ಕ್ಯಾಥೊಲಿಕ್ ಚರ್ಚಿನ ಅಧಿಕಾರವನ್ನು ಮುರಿಯಲು ಹೊರಟಾಗ ವಿರ್ಕೋ ಬೆಂಬಲಿಸಿದರು. 1873ರಲ್ಲಿ ಆ ಹೋರಾಟಕ್ಕೆ ಸಂಸ್ಕೃತಿ ಸಮರವೆಂಬ ಅರ್ಥದ ಹೆಸರನ್ನು ಕೊಟ್ಟವರೂ ಅವರೇ. ಪೋಲಿಷ್ ಸೀಮೆಗಳಲ್ಲಿ ಆ ಸಮರ ಭಾಷೆಯ ಮೇಲಿನ ಸಮರವಾಗಿಯೂ ಪರಿಣಮಿಸಿತು. ಯಾವ ಸೈಲೇಷಿಯಾಕ್ಕೆ ಪೋಲಿಷ್ ಭಾಷೆಯ ಮಾನ್ಯತೆಯನ್ನು ತರುಣ ವಿರ್ಕೋ ಕೇಳಿದ್ದರೋ ಅದೇ ಸೀಮೆಯ ಶಾಲೆಗಳಿಂದ ಆ ಭಾಷೆಯನ್ನು ಹೊರಗಟ್ಟಲಾಯಿತು. ಅಲ್ಪಸಂಖ್ಯಾತರ ಭಾಷೆಗೆ ಒಬ್ಬ ದೊಡ್ಡ ಮನುಷ್ಯನ ಸಹಾನುಭೂತಿಯೊಂದೇ ಸಾಲದು, ಕಾನೂನಿನ ರಕ್ಷೆ ಬೇಕು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಬೆಲೆ ಇಂಥ ಇತಿಹಾಸವನ್ನು ಓದಿದಾಗ ಇನ್ನಷ್ಟು ತಿಳಿಯುತ್ತದೆ.

1902ರ ಜನವರಿ 4ರಂದು ಬರ್ಲಿನ್ನಿನ ಬೀದಿಯಲ್ಲಿ ಟ್ರಾಮಿನಿಂದ ಇಳಿಯುವಾಗ ವಿರ್ಕೋ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮತ್ತೆ ಚೇತರಿಸಿಕೊಳ್ಳದೆ ಸೆಪ್ಟೆಂಬರ್ 5ರಂದು, 80ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಂದಿನ ಜಾಹೀರಾತಿನ ಮುಂದೆ

ಕೋಶದಿಂದಲೇ ಕೋಶ ಹುಟ್ಟುವುದಾದರೆ, ಕೆಟ್ಟ ಕೋಶಗಳ ಜಾಗಕ್ಕೆ ಹೊಸವನ್ನು ಕೊಡಬಲ್ಲ ಮೂಲಕೋಶವೊಂದು ಎಲ್ಲೋ ಇರಬೇಕಲ್ಲವೆ? ಈ ಹುಡುಕಾಟದ ಫಲವಾಗಿ 1961ರಲ್ಲಿ ಟೊರಾಂಟೋದ ಟಿಲ್ ಮತ್ತು ಮೆಕಲಾಕ್ ರಕ್ತವನ್ನು ಉತ್ಪಾದಿಸುವ ಕಾಂಡಕೋಶಗಳಿಗೆ ಸ್ಪಷ್ಟ ಸಾಕ್ಷ್ಯ ಒದಗಿಸಿದರು. ವಿರ್ಕೋ ಹೆಸರಿಟ್ಟ ಲ್ಯುಕೇಮಿಯಾಕ್ಕೆ ಅಸ್ಥಿಮಜ್ಜೆಯ ಕಸಿ ಇಂದು ಸ್ಥಾಪಿತ ಚಿಕಿತ್ಸೆ. ಅದನ್ನು ಬೆಳೆಸಿದ ಡೊನಾಲ್ ಥಾಮಸ್ ಅವರಿಗೆ 1990ರಲ್ಲಿ ನೊಬೆಲ್ ಬಹುಮಾನ ಸಂದಿತು.

ಆದರೆ ರಕ್ತಕ್ಕೆ ಸಿದ್ಧವಾದುದು ಯಕೃತ್ತಿಗೂ ಸಿದ್ಧವಾಯಿತೆಂದು ತಿಳಿಯಬಾರದು. ಫ್ಯಾಟಿ ಲಿವರ್‌ಗೆ ಕಾಂಡಕೋಶ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಕೆಲವು ಬಗೆಯ ಕಾಂಡಕೋಶಗಳು ಉರಿಯೂತವನ್ನು ತಗ್ಗಿಸಬಲ್ಲವೆಂಬ ಆಶಯದ ಮೇಲೆ ಸಂಶೋಧನೆ ನಡೆದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ರಕ್ತ ಸಂಬಂಧಿ ಕಾಯಿಲೆಗಳಂಥ ಅಂಗೀಕೃತ ಬಳಕೆಗಳನ್ನು ಬಿಟ್ಟರೆ ಉಳಿದುದೆಲ್ಲ ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ನಡೆಯಬೇಕು. ಇನ್ನೊಂದು ಕಡೆ, ದೇಹದ ತೂಕ ಹೆಚ್ಚಿರುವವರು ಅದನ್ನು ನೂರಕ್ಕೆ 7ರಿಂದ 10ರಷ್ಟು ನಿಧಾನವಾಗಿ ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುವುದು ಸಿದ್ಧಪಟ್ಟ ಸಂಗತಿ. ನಡಿಗೆ, ಸಕ್ಕರೆಯ ಮಿತಿ, ಮದ್ಯದಿಂದ ದೂರ, ಮಧುಮೇಹದ ಹತೋಟಿ ಇವುಗಳಿಗೆ ಜಾಹೀರಾತು ಇರುವುದಿಲ್ಲ. ಕೋಶ ಕೆಡುವ ಮೊದಲು ಅದರ ಸುತ್ತಲಿನ ಬದುಕನ್ನು ನೋಡಬೇಕೆಂಬ ವಿರ್ಕೋ ಅವರ ದಾರಿಯೂ ಇದೇ.

ನಮ್ಮ ಮನೆಗಳವರು ಎಂದಾದರೂ ಇಂಥ ಚಿಕಿತ್ಸೆಯ ಬಾಗಿಲಲ್ಲಿ ನಿಂತರೆ ಮೂರು ಪ್ರಶ್ನೆಗಳನ್ನು ಮರೆಯದೆ ಕೇಳಲಿ. ಇದು ಅನುಮತಿ ಪಡೆದ ಪ್ರಯೋಗವೇ? ಪ್ರಯೋಗವಾದರೆ ನಮ್ಮಿಂದ ಹಣವೇಕೆ? ಸಮ್ಮತಿಪತ್ರ ನಮಗೆ ತಿಳಿಯುವ ಭಾಷೆಯಲ್ಲಿದೆಯೇ? ಈ ಕೊನೆಯ ಪ್ರಶ್ನೆಯನ್ನು ಕೇಳಲು ಸಂಕೋಚ ಬೇಡ. ಪ್ರಯೋಗಕ್ಕೆ ಒಳಗಾಗುವವರಿಗೆ ಅರ್ಥವಾಗುವ ಭಾಷೆಯಲ್ಲೇ ಎಲ್ಲವನ್ನೂ ತಿಳಿಸಬೇಕೆಂಬುದು ನಮ್ಮ ದೇಶದ ನಿಯಮ. ಮನೆಯ ಹಿರಿಯರಿಗೆ ಕಚೇರಿಯ ಭಾಷೆ ತೊಡಕಾದಾಗ ಕನ್ನಡ ಶಾಲೆಯಲ್ಲಿ ಕಲಿಯುತ್ತಿರುವ ಮಗುವೇ ಮುಂದೆ ನಿಂತು ಆ ಪತ್ರವನ್ನು ಕನ್ನಡದಲ್ಲಿ ಕೇಳಬಹುದು. ರೋಗಿಗೆ ತಿಳಿಯುವ ಭಾಷೆಯೂ ಚಿಕಿತ್ಸೆಯ ಒಂದು ಭಾಗವೆಂಬುದನ್ನು ಮೇಲಣ ಸೈಲೇಷಿಯಾದಲ್ಲಿ 26ರ ಹರೆಯದ ವೈದ್ಯನೊಬ್ಬ 1848ರಲ್ಲೇ ಕಂಡುಕೊಂಡಿದ್ದ.